ಮಂಜು ಎಷ್ಟಿತ್ತು

ಡಿಸೆಂಬರ್ 2, ಸೋಮವಾರ

ಮಳೆ ಮುಗಿಯಿತು. ನಮ್ಮ ಆಫೀಸಿನ ಅಮರನಾಥ್ ಸರ್ ಕೊನೆಗೂ ಒಪ್ಪಿದರು. ವೈಪರ್ ಒರೆಸಿದ ಮೇಲೂ ಗಾಜಿನಲ್ಲಿ ಉಳಿಯುವ ಹನಿಗಳಿವೆಯಲ್ಲ, ಅವುಗಳಲ್ಲಿ ಎದುರು ಲಾರಿಯ ಲೈಟು ಚೂರುಚೂರಾಗಿ ಕಾಣಬೇಕು — ಅದೊಂದೇ ನನ್ನ ಜೀವ ತಿಂದಿತು. ಕಿಟಕಿಯಾಚೆ ಕೋಲಾರದಲ್ಲಿ ಒಳ್ಳೆ ಬಿಸಿಲು. ನನ್ನ ಸ್ಕ್ರೀನಿನಲ್ಲಿ ಜಡಿಮಳೆ.

ಮಾಲೂರಿನ ಒಂದು ಡ್ರೈವಿಂಗ್ ಸ್ಕೂಲಿನ ಆರ್ಡರ್ ಇದು. ಮೂರು ಸ್ಕ್ರೀನು, ನಿಜವಾದ ಬಸ್ಸಿನ ಸ್ಟೀರಿಂಗು, ಪೆಡಲ್ಲು. ಕೂತಲ್ಲೇ ಬಸ್ ಓಡಿಸಿ ಕಲಿಯಬಹುದು. ರಸ್ತೆ, ಮರ, ಮನೆ ಬೇರೆಯವರ ಪಾಲು. ಮಳೆ, ಮಂಜು, ಬಿಸಿಲು, ಬೆಳಕು ನನ್ನ ಪಾಲು. ಅತ್ತೆ ನಮ್ಮೂರು ನರಸಾಪುರದಲ್ಲೆಲ್ಲ "ನಮ್ಮ ಸೊಸೆ ಕಂಪ್ಯೂಟ್ರಲ್ಲಿ ಮಳೆ ಬರಿಸ್ತಾಳೆ" ಅಂತ ಸಾರಿ ಬಂದಿದ್ದಾರೆ. ಪಕ್ಕದ ಮನೆಯವರು ನನ್ನನ್ನು ನಿಲ್ಲಿಸಿ, "ರಾಗಿ ಒಣಗೋಕೆ ಹಾಕಿದೀವಿ ಕಣಮ್ಮ, ಈ ವಾರ ಮಾತ್ರ ಬೇಡ" ಅಂದರು.

ಮುಂದಿನದು ಮಂಜು. ಸರ್ ಅದನ್ನು ಹೇಳಿ ನನ್ನ ಕಡೆ ತಿರುಗಿದರು.

"ನಿಮ್ಮ ಯಜಮಾನ್ರು ಬಸ್ ಡ್ರೈವರ್ ಅಲ್ವಾ ಮೌನಿಕಾ? ಒಂದಿನ ಕರ್ಕೊಂಡ್ ಬನ್ನಿ. ಓಡಿಸಿ ನೋಡ್ಲಿ."

"ಆಗಿದ್ರು ಸರ್" ಅಂದೆ. ಅವರಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಡಿಸೆಂಬರ್ 3, ಮಂಗಳವಾರ

ಬಿಡಿಸಿ ಹೇಳುವುದಾದರೂ ಏನನ್ನು? ಹೋದ ಜನವರಿಯಲ್ಲಿ ಇವರು ಟೇಕಲ್ ಕಡೆಯಿಂದ ಫ್ಯಾಕ್ಟರಿ ಹುಡುಗಿಯರನ್ನು ಮೊದಲ ಶಿಫ್ಟಿಗೆ ಕರೆತರುತ್ತಿದ್ದರು. ಕೆರೆ ಏರಿಯ ಮೇಲೆ ದಟ್ಟ ಮಂಜು. ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ ಚನ್ನರಾಯಪ್ಪ ರಸ್ತೆ ದಾಟುತ್ತಿದ್ದರು. ಕಾಣಲಿಲ್ಲ. ಅವರ ಜೀವ ಉಳಿಯಿತು, ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ. ಮಂಜು ಅಂತ ಪೊಲೀಸರೂ ಬರೆದುಕೊಂಡರು. ಬಸ್ಸಿನ ಓನರ್ ಇವತ್ತಿಗೂ "ಯಾವಾಗ ಬರ್ತೀಯೋ ಕದಿರೇಶ, ನಿನ್ನ ಬಸ್ಸು ಹಾಗೇ ಇದೆ" ಅಂತ ಫೋನು ಮಾಡುತ್ತಾರೆ. ಚನ್ನರಾಯಪ್ಪನೇ ಆಸ್ಪತ್ರೆಯ ಮಂಚದಿಂದ "ಮಂಜಲ್ವೇನಪ್ಪ, ನೀನೇನ್ ಮಾಡ್ತೀಯ" ಅಂದಿದ್ದರು.

ಎಲ್ಲರೂ ಇವರದು ತಪ್ಪಿಲ್ಲ ಅಂತ ಬಿಟ್ಟರು. ಇವರೊಬ್ಬರು ತಮ್ಮನ್ನು ತಾವು ಬಿಡಲಿಲ್ಲ. ಅವತ್ತಿನಿಂದ ಸ್ಟೀರಿಂಗ್ ಮುಟ್ಟಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾರೆ, ನೀರು ಕಟ್ಟುತ್ತಾರೆ, ಉಂಡು ಮಲಗುತ್ತಾರೆ. ಮೊದಲು ಮನೆಯಲ್ಲಿ ನನ್ನ ಬಾಯಿಗೆ ಸಮನಾದ ಬಾಯಿ ಇವರದೊಂದೇ ಇತ್ತು. ಈಗ ನಾನು ಜಗಳ ತೆಗೆದರೂ "ಹೂಂ" ಅನ್ನುತ್ತಾರೆ. ಹೂಂ ಅನ್ನುವ ಗಂಡನ ಜೊತೆ ಎಷ್ಟು ದಿನ ಬಾಳುವುದು?

ಡಿಸೆಂಬರ್ 6, ಶುಕ್ರವಾರ

ಒಂದು ಯೋಚನೆ ಬಂದಿದೆ. ಕೆರೆ ಏರಿಯ ರಸ್ತೆಯನ್ನೇ ಹಾಕಿದರೆ? ಅವತ್ತಿನ ಮಂಜನ್ನೇ ಮಾಡಿದರೆ? ಇವರು ಕೂತು ಓಡಿಸಲಿ. ಆ ಮಂಜಿನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ ಅಂತ ಕಣ್ಣಾರೆ ನೋಡಲಿ. ನಾವು ಬಾಯಲ್ಲಿ ಹೇಳಿದ್ದು ನಾಟಲಿಲ್ಲ. ಕಣ್ಣಲ್ಲಿ ಕಂಡದ್ದು ನಾಟೀತು.

ಸರ್ ಖುಷಿಯಾದರು. ಲೋಕಲ್ ರಸ್ತೆ ಅಂದರೆ ಸ್ಕೂಲಿನವರಿಗೂ ಇಷ್ಟವಂತೆ.

ಡಿಸೆಂಬರ್ 14, ಶನಿವಾರ

ಮಂಜು ಬಿಳಿ ಅಂದುಕೊಂಡಿದ್ದೆ. ಅಲ್ಲ. ಸೂರ್ಯ ಹುಟ್ಟುವ ಮೊದಲು ನೀಲಿ-ಬೂದಿ. ಬೀದಿದೀಪದ ಸುತ್ತ ಹಳದಿ. ಬ್ರೈಟ್ ಲೈಟ್ ಹಾಕಿದರೆ ಮುಖದೆದುರು ಸುಣ್ಣದ ಗೋಡೆ. ಕೆರೆಯ ಕಡೆ ಹೆಚ್ಚು, ಗದ್ದೆಯ ಕಡೆ ಕಡಿಮೆ. ಇದನ್ನೆಲ್ಲ ಹೊಂದಿಸಿದ ಮೇಲೆ ಉಳಿಯುವುದು ಒಂದೇ — ಎಷ್ಟು ದಟ್ಟ? ಅದಕ್ಕೆ ಒಂದು ಸ್ಲೈಡರ್. ಬಲಕ್ಕೆ ಎಳೆದರೆ ಲೋಕವೇ ಮಾಯ. ಎಡಕ್ಕೆ ಎಳೆದರೆ ಟೇಕಲ್ ಬೆಟ್ಟದ ಬಂಡೆಯವರೆಗೆ ಸಲೀಸು.

ನಿಜವಾದ ಮಂಜಿನ ವಿಡಿಯೋ ಬೇಕು. ಇವರ ಬಸ್ಸಿನಲ್ಲಿ ಬರುತ್ತಿದ್ದ ಶ್ವೇತಳನ್ನು ಕೇಳಿದೆ. ಆ ಹುಡುಗಿಯರು ಮಂಜು ಕಂಡರೆ ಸ್ಟೇಟಸ್ ಹಾಕದೆ ಬಿಡುವವರಲ್ಲ.

"ಒಂದಿದೆ ಅಕ್ಕ… ಆವತ್ತಿಂದೇ. ಮುಂದಿನ ಸೀಟಲ್ಲಿ ಕೂತಿದ್ದೆ. ಏರಿ ಮೇಲೆ ತೆಗ್ದಿದ್ದು, ಆಮೇಲೆ ಫೋನ್ ಒಳಗಿಟ್ಬಿಟ್ಟೆ. ಡಿಲೀಟ್ ಮಾಡೋಕೆ ಮನಸ್ಸು ಬರ್ಲಿಲ್ಲ, ಹಾಕೋಕೂ ಬರ್ಲಿಲ್ಲ. ಕಳಿಸ್ಲಾ?"

ಕಳಿಸು ಅಂದೆ.

ಡಿಸೆಂಬರ್ 16, ಸೋಮವಾರ. ಮಧ್ಯಾಹ್ನ

ವಿಡಿಯೋದಲ್ಲಿ ಇವರು ಏನೋ ಹಾಡು ಗುನುಗುತ್ತಿದ್ದಾರೆ. ಹೆಡ್‌ಫೋನ್ ತೆಗೆದಿಟ್ಟು ಊಟಕ್ಕೆ ಹೋದೆ. ಊಟ ಸೇರಲಿಲ್ಲ.

ಡಿಸೆಂಬರ್ 17, ಮಂಗಳವಾರ

ನನ್ನ ಮಂಜನ್ನು ಆ ವಿಡಿಯೋದ ಪಕ್ಕ ಇಟ್ಟು ಹೊಂದಿಸಿದೆ. ಗುರುತಿಗೆ ಕರೆಂಟು ಕಂಬಗಳಿವೆ. ಮೊದಲ ಕಂಬ ಕಪ್ಪು. ಎರಡನೆಯದು ಬೂದಿ. ಮೂರನೆಯದು ಮಸುಕು — ಆದರೆ ಇದೆ. ಇನ್ನೊಮ್ಮೆ ನೋಡಿದೆ. ಇದೆ.

ಮೂರನೇ ಕಂಬ ಕಾಣುವ ಮಂಜಿನಲ್ಲಿ ಮನುಷ್ಯ ಕಾಣುವುದಿಲ್ಲವೇ? ಅದೇ ಬೆಳಕಿನಲ್ಲಿ ಸ್ಕ್ರೀನಿನ ರಸ್ತೆಯಲ್ಲಿ ಒಂದು ಆಳನ್ನು ನಿಲ್ಲಿಸಿದೆ. ಕೈಯಲ್ಲಿ ಕ್ಯಾನು. ಕಾಣುತ್ತಾನೆ. ಚೆನ್ನಾಗಿ ಅಲ್ಲ. ಆದರೆ ಬ್ರೇಕ್ ಹಾಕಿ ನಿಲ್ಲಿಸುವಷ್ಟು ಮುಂಚೆಯೇ ಕಾಣುತ್ತಾನೆ.

ಅಯ್ಯೋ, ಯಾಕೆ ಬೇಕಿತ್ತು ನನಗೆ ಈ ಕೆಲಸ.

ಡಿಸೆಂಬರ್ 31, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಅದನ್ನೇ ಬರೆಯಬೇಕು.

ಇವತ್ತು ಬಾಯಿ ತಪ್ಪಿ ಅತ್ತೆಯ ಹತ್ತಿರ ಅಂದೆ — ಅವತ್ತು ಮಂಜು ಅಷ್ಟೊಂದು ಇರಲಿಲ್ಲವೇನೋ ಅಂತ. ಅತ್ತೆ ಕಾಳು ಹಸನು ಮಾಡುವುದನ್ನು ನಿಲ್ಲಿಸಿದರು. "ಪೋನೀಲೇಮ್ಮ, ಹೋಗ್ಲಿ ಬಿಡು. ಮಂಜು ಅಂತ ಆಗೋಗಿದೆ. ಮಂಜೇ ಇರ್ಲಿ." ಅತ್ತೆಗೂ ಒಳಗೊಳಗೇ ಗುಮಾನಿ ಇತ್ತೇ? ಕೇಳುವ ಧೈರ್ಯ ನನಗಿರಲಿಲ್ಲ.

ಜನವರಿ 8, ಬುಧವಾರ

ಎರಡು ಫೈಲ್ ಮಾಡಿದೆ. ಒಂದರಲ್ಲಿ ಅವತ್ತಿನ ಮಂಜು. ಇನ್ನೊಂದರಲ್ಲಿ ಸ್ಲೈಡರ್ ಪೂರಾ ಬಲಕ್ಕೆ. ಕಟ್ಟಿಕೊಂಡ ಗಂಡನ ಕಣ್ಣಿಗೇ ಮಣ್ಣೆರಚುವುದು ಅಂದರೆ ಇದೇ. ಆದರೂ ಮಾಡಿದೆ. ಒಂದು ವರ್ಷ ಕಣ್ಣೆದುರೇ ಸೊರಗುವ ಗಂಡಸನ್ನು ನೋಡಿದವರು ಬಂದು ನನಗೆ ಬುದ್ಧಿ ಹೇಳಲಿ.

ಆಫೀಸಿಗೆ ಬಂದು ಓಡಿಸಿ ನೋಡ್ತೀರಾ ಅಂತ ಇವರನ್ನು ಕೇಳಿದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. "ಹೂಂ" ಅಂದರು.

ಜನವರಿ 12, ಭಾನುವಾರ. ಸಂಜೆ

ಆದಷ್ಟು ಆದ ಹಾಗೆ ಬರೆಯುತ್ತೇನೆ.

ಆಫೀಸಿನಲ್ಲಿ ಯಾರೂ ಇರಲಿಲ್ಲ. ಇವರು ಸೀಟು ಹಿಂದಕ್ಕೆ ತಳ್ಳಿ, ಇಲ್ಲದ ಕನ್ನಡಿಯನ್ನು ಸರಿಮಾಡಲು ಕೈ ಎತ್ತಿದರು. ನಗು ಬಂತು, ಅಳುವೂ ಬಂತು. ದಟ್ಟ ಮಂಜಿನ ಫೈಲ್ ಹಾಕಿದೆ. ಏರಿ ಹತ್ತಿದರು. ಏನೂ ಕಾಣುತ್ತಿರಲಿಲ್ಲ. ಆ ಆಳು ಗಾಜಿಗೆ ತೀರಾ ಹತ್ತಿರವಾದಾಗಲೇ ಕಂಡ. ಡಿಕ್ಕಿ ಅಂತ ಸ್ಕ್ರೀನು ಕೆಂಪಾಯಿತು.

"ನೋಡಿದ್ರಾ?" ಅಂದೆ. "ಯಾರಿದ್ರೂ ಅಷ್ಟೇ ರೀ. ಕಾಣೋದೇ ಇಲ್ಲ."

"ಇನ್ನೊಂದ್ಸಲ ಹಾಕು."

ಹಾಕಿದೆ. ಮತ್ತೆ ಕೆಂಪು. ಇವರು ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದರು.

"ಎಷ್ಟಿಟ್ಟಿದೀಯ?"

"ಏನು?"

"ಮಂಜು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೌಸಿನ ಮೇಲಿದ್ದ ಕೈ ತಾನಾಗಿ ಹಿಂದಕ್ಕೆ ಬಂತು. "ಆವತ್ತಿನಷ್ಟೇ" ಅಂದೆ.

"ಇಷ್ಟಿರ್ಲಿಲ್ಲ ಕಣೇ."

ಇವರು ಸ್ಕ್ರೀನಿನ ಕೆಂಪನ್ನೇ ನೋಡುತ್ತಾ ಮುಂದುವರಿಸಿದರು.

"ಕಂಡಿದ್ದ. ಕ್ಯಾನ್ ಹಿಡ್ಕೊಂಡು ಅಂಚಲ್ಲಿ ನಿಂತಿದ್ದ. ಹಾರನ್ ಹೊಡ್ದೆ. ಬಸ್ ನೋಡಿ ನಿಂತ್ಕೊತಾನೆ ಅಂದ್ಕೊಂಡೆ. ಶಿಫ್ಟ್‌ಗೆ ಲೇಟಾಗಿತ್ತು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀಲಿಲ್ಲ. ಕೆಳಗಿಳಿದ್ರೆ ಎಲ್ಲಾರೂ ಮಂಜು ಮಂಜು ಅಂತಿದಾರೆ. ಪೊಲೀಸ್ನೋರು ಮಂಜು ಅಂದ್ರು. ಅಮ್ಮ ಅಂದ್ಳು. ನೀನೂ ಅಂದೆ. ನಾನೂ ಹೂಂ ಅಂದೆ. ಆ ಹೂಂ ಗಂಟಲಲ್ಲೇ ಸಿಕ್ಕಾಕೊಂಡೈತೆ ಮೌನಿ."

ನನಗೆ ಸಿಟ್ಟು ಬಂತು, ಇವರ ಮೇಲಲ್ಲ. ಒಂದು ವರ್ಷ ಇವರಿಗೆ ಸಮಾಧಾನ ಹೇಳುತ್ತಿದ್ದೇವೆ ಅಂದುಕೊಂಡು ಇವರ ಬಾಯಿ ಮುಚ್ಚಿಸಿದ್ದೆವು, ನಾನು, ಅತ್ತೆ, ಊರು. ಅದಕ್ಕೆ ಸಾಲದು ಅಂತ ಇವತ್ತು ನಾನು ಮಂಜನ್ನೇ ಹೆಚ್ಚು ಮಾಡಿಕೊಂಡು ಬಂದಿದ್ದೆ. ತಪ್ಪಾಯಿತು ಅಂದೆ. ಇವರು ತಲೆಯಾಡಿಸಿದರು.

"ಆವತ್ತಿನ ಮಂಜು ಇದ್ಯಾ ನಿನ್ನತ್ರ?"

"ಇದೆ."

"ಹಾಕು."

ಹಾಕಿದೆ. ಬ್ರೈಟ್ ಲೈಟನ್ನು ಡಿಪ್ ಮಾಡಿದರು. ಏರಿಯ ಬುಡದಲ್ಲೇ ಗೇರ್ ಇಳಿಸಿದರು. ಮೂರನೇ ಕಂಬದ ಹತ್ತಿರ ಆಳು ಮಸುಕಾಗಿ ಕಂಡ. ಬಸ್ಸು ನಿಧಾನವಾಗಿ ಹೋಗಿ, ಅವನಿಗೆ ಇನ್ನೂ ದೂರವಿರುವಾಗಲೇ ನಿಂತಿತು. ಇವರು ಕಾಯುತ್ತಾ ಕೂತರು. ಎಷ್ಟು ಹೊತ್ತಾದರೂ ಅವನು ಕದಲಲಿಲ್ಲ.

"ಅವ್ನಿಗೆ ನಡೆಯೋಕೆ ಬರಲ್ಲ ರೀ. ನಾವಿನ್ನೂ ಹಾಕಿಲ್ಲ."

"ಇರ್ಲಿ, ಕಾಯ್ತೀನಿ" ಅಂದರು.

ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ನಾನೂ ಕೂತೆ.

ಜನವರಿ 19, ಭಾನುವಾರ

ಇವರು ಮತ್ತೆ ಬಸ್ ಓಡಿಸಲು ಹೋಗುತ್ತಾರೆ. ಓನರ್‌ಗೆ ಇವತ್ತು ಫೋನು ಮಾಡಿ ಹೇಳಿದರು. ಅದನ್ನು ಮೊದಲು ಬರೆದುಬಿಡೋಣ. ಫೋನು ಮಾಡಿದ್ದು ಚನ್ನರಾಯಪ್ಪನ ಮನೆಯಿಂದ ಬಂದ ಮೇಲೆ.

ಹೋಗುವುದು ಬೇಡ ಅಂತ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಮುಗಿದದ್ದನ್ನು ಕೆದಕಿದರೆ ಕೇಸು ಮತ್ತೆ ಎದ್ದರೆ? ನನಗೂ ಆ ಭಯ ಇತ್ತು. ಇವರು, "ಎದ್ರೆ ಏಳ್ಲಿ ಬಿಡಮ್ಮ" ಅಂದು ಚಪ್ಪಲಿ ಮೆಟ್ಟಿದರು. ಅಂಥ ಗಡಸು ದನಿ ಕೇಳಿ ವರ್ಷವಾಗಿತ್ತು. ಭಯದಲ್ಲೂ ಖುಷಿಯಾಯಿತು.

ಚನ್ನರಾಯಪ್ಪ ಕೊಟ್ಟಿಗೆಯ ಮುಂದೆ ಕೋಲು ಪಕ್ಕಕ್ಕಿಟ್ಟು ಕೂತಿದ್ದರು. ಅವರ ಹೆಂಡತಿ ಅಕ್ಕಯಮ್ಮ ಕಾಫಿ ತಂದಿಟ್ಟರು. ಇವರು ಲೋಟ ಮುಟ್ಟಲಿಲ್ಲ. ನಿಂತೇ ಇದ್ದರು.

"ಅಣ್ಣ, ಆವತ್ತು ನೀವು ನಂಗೆ ಕಾಣ್ಲಿಲ್ಲ ಅಂತ ಹೇಳಿದ್ದು ಸುಳ್ಳು. ಕಂಡಿದ್ರಿ. ನಿಂತ್ಕೊತೀರ ಅಂದ್ಕೊಂಡು ಬಂದ್ಬಿಟ್ಟೆ."

ಅಕ್ಕಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಚನ್ನರಾಯಪ್ಪ ಕೋಲಿನ ಕಡೆ ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡರು. ಕಾಲು ನೀವಿಕೊಂಡರು. ಬೈಯಲಿ, ಕೋಲಲ್ಲಿ ಎರಡು ಕೊಡಲಿ ಅಂತ ನಾನು ಕಾಯುತ್ತಿದ್ದೆ.

"ನಂಗೂ ಬಸ್ಸು ಕಂಡಿತ್ತು ಕಣಪ್ಪ" ಅಂದರು. "ಲೈಟು ಕಾಣ್ದೆ ಇರುತ್ತಾ? ಡೈರಿ ಮುಚ್ಬಿಡ್ತಾರೆ ಅನ್ನೋ ಅವಸರ. ನೀನು ನಿಲ್ಲಿಸ್ತೀಯ ಅಂದ್ಕೊಂಡೆ."

ಇವರು ಅಲ್ಲೇ ಅವರ ಕಾಲ ಹತ್ತಿರ ಕುಸಿದು ಕೂತರು. ಜೋರಾಗಿ ಅತ್ತರು. ಆ ಹಿರಿಯರು ಇವರ ಬೆನ್ನ ಮೇಲೆ ಕೈ ಇಟ್ಟು, ಕಾಫಿ ಆರಿ ಹೋಗುತ್ತೆ, ಮೊದಲು ಕುಡಿ ಅಂತ ಲೋಟ ಇವರ ಕೈಗೆ ಕೊಟ್ಟರು.