ಮೂರೂವರೆ ಸೆಕೆಂಡಿನ ದನಿ

ಬರ್‌ಬ್ಯಾಂಕ್, ಕ್ಯಾಲಿಫೋರ್ನಿಯಾ
ಮಾರ್ಚ್ 19, 2011

ಪ್ರೀತಿಯ ಕೋರಿ,

ನೀನೂ ಮೊಮ್ಮಗಳು ಟೆಸ್ ಮರಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ಕ್ರಿಸ್‌ಮಸ್‌ಗೆ ಬರೆದ ಕಾಗದಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ, ಬೈದುಕೋ. ಬೆರಳಿನ ಗಂಟುನೋವಿನ ನೆಪ ಹೇಳಬಹುದಿತ್ತು. ಆದರೆ ಎರಡು ಸಲ ಬರೆದು ಎರಡು ಸಲವೂ ಹರಿದುಹಾಕಿದ್ದೇ ನಿಜ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯೇನೋ. ಫೋನಿನಲ್ಲಿ ನಾವಿಬ್ಬರೂ ನಿಮ್ಮ ಡುಲೂತಿನ ಚಳಿ, ಇಲ್ಲಿನ ಬಿಸಿಲು ಬಿಟ್ಟು ಬೇರೇನು ಮಾತಾಡಿದ್ದೇವೆ ಹೇಳು?

ನೀನು ಕಳಿಸಿದ ಕ್ರ್ಯಾನ್‌ಬೆರಿ ಜಾಮು ಮುಗಿಯಿತು. ನಿನ್ನಮ್ಮ ನೆಟ್ಟ ನಿಂಬೆಗಿಡ ಈ ಸಲ ಹೊರಲಾರದಷ್ಟು ಕಾಯಿ ಬಿಟ್ಟಿದೆ. ಪಕ್ಕದ ಮನೆಯ ಅವಾಕಿಯಾನ್ ಅಜ್ಜಿ ಬುಟ್ಟಿಗಟ್ಟಲೆ ಒಯ್ದು, ಬದಲಿಗೆ ವಾಲ್‌ನಟ್ ಕೇಕು ತಂದುಕೊಡುತ್ತಾಳೆ. ನನ್ನ ಸಕ್ಕರೆ ಕಾಯಿಲೆಯ ಮಾತೆತ್ತಿದರೆ, "ಸತ್ಮೇಲೆ ಡಾಕ್ಟರು ಬಂದು ಕೇಕು ತಿನ್ನಿಸ್ತಾನಾ? ನೀನು ಬದುಕಿರೋವಾಗ್ಲೇ ತಿನ್ನು" ಅನ್ನುತ್ತಾಳೆ. ನಾನೂ ತಿನ್ನುತ್ತೇನೆ.

ಇರ್ಮಾ ಲಿಂಡ್‌ಕ್ವಿಸ್ಟ್ ನಿನಗೆ ನೆನಪಿದ್ದಾಳಲ್ಲ? ನಾನು ಹದಿನಾರು ವರ್ಷ ಶಬ್ದ ಸಂಕಲನ ಮಾಡಿದ ಕಿಚನ್ ಡೋರ್ ಪ್ರೊಡಕ್ಷನ್ಸ್‌ನ ಒಡತಿ. ಕ್ಲೀವ್‌ಲ್ಯಾಂಡಿನ ನರ್ಸ್ ಒಬ್ಬಳ ಮನೆಯ ಕಥೆಯನ್ನು ಟಿವಿ ಧಾರಾವಾಹಿಯಾಗಿ ಏಳು ವರ್ಷ ನಡೆಸಿದಳು. ಪ್ರತಿ ಕಂತಿನ ಕೊನೆಗೆ, ಹೆಸರುಗಳೆಲ್ಲ ಸರಿದುಹೋದ ಮೇಲೆ, ಕಂಪನಿಯ ಲೋಗೊ ಬರುತ್ತಿತ್ತು: ಹಳದಿ ಬಣ್ಣದ ಅಡುಗೆಮನೆ ಬಾಗಿಲು ತೆರೆದುಕೊಳ್ಳುತ್ತದೆ, ಶಾಲೆಯ ಚೀಲವೊಂದು ಧಪ್ಪೆಂದು ನೆಲಕ್ಕೆ ಬೀಳುತ್ತದೆ, "ಅಮ್ಮಾ, ಬಂದೆ!" ಎಂದು ಮಗುವೊಂದು ಕೂಗುತ್ತದೆ. ಎಲ್ಲ ಸೇರಿ ಮೂರೂವರೆ ಸೆಕೆಂಡು. ಅದು ಇರ್ಮಾಳ ಮಗ ಟೋಬಿಯ ದನಿಯೆಂದು ಎಲ್ಲರಿಗೂ ಗೊತ್ತಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ಆ ಹುಡುಗ ಝೂಮಾ ಕಡಲತೀರದಲ್ಲಿ ಈಜಲು ಹೋಗಿ ಮುಳುಗಿದ. ಅವನ ಅಂತ್ಯಕ್ರಿಯೆಗೆ ನೀನೂ ನೀಲಿ ಕೋಟು ಹಾಕಿಕೊಂಡು ಬಂದಿದ್ದೆ.

ಕಂಪನಿಯನ್ನು ಅವಳು ಯಾವತ್ತೋ ಮಾರಿದ್ದಳು. ಕೊಂಡವರನ್ನು ಇನ್ನೊಬ್ಬರು ಕೊಂಡರು, ಅವರನ್ನು ಮತ್ತೊಬ್ಬರು. ಈಗಿನವರು ಹಳೆಯ ಕಂತುಗಳಲ್ಲೆಲ್ಲ ಹಳದಿ ಬಾಗಿಲನ್ನು ಕಿತ್ತುಹಾಕಿ ತಮ್ಮದೇ ಲೋಗೊ ಅಂಟಿಸಿದ್ದಾರೆ: ತಿರುಗುವ ಬೆಳ್ಳಿಯ ಉಂಗುರ, ಹಿನ್ನೆಲೆಯಲ್ಲಿ ತುತ್ತೂರಿಯ ಸದ್ದು. ನಮ್ಮ ಕಸುಬಿನಲ್ಲಿ ಇದು ಹೊಸದೇನಲ್ಲ. ನಾನೇ ಬೇರೆ ಕಂಪನಿಗಳಿಗೆ ಇಂಥ ಕೆಲಸ ಮಾಡಿಕೊಟ್ಟಿದ್ದೇನೆ. ಕತ್ತರಿಸಿದ್ದರ ಹಿಂದೆ ಯಾರ ಮಗು ಇತ್ತೋ, ಯಾರ ನಾಯಿ ಇತ್ತೋ, ಒಮ್ಮೆಯೂ ಕೇಳಲಿಲ್ಲ.

ಜನವರಿಯ ಒಂದು ಸಂಜೆ ಐದು ಗಂಟೆಗೆ ಇರ್ಮಾಳ ಫೋನು ಬಂತು. ಹಲೋ ಇಲ್ಲ, ಏನಿಲ್ಲ.

"ಎಮೆಟ್, ಟೋಬೀನ ತೆಗೆದುಬಿಟ್ರು ಕಣೋ."

ಅವಳು ದಿನವೂ ನಾಲ್ಕು ಐವತ್ತೆಂಟಕ್ಕೆ ಟಿವಿ ಹಾಕುತ್ತಿದ್ದಳೆಂದು ನನಗೆ ಅವತ್ತೇ ಗೊತ್ತಾದದ್ದು. ಮರುಪ್ರಸಾರದ ಕಂತು ಅವಳಿಗೆ ಬೇಕಿರಲಿಲ್ಲ. ಬಾಗಿಲು ತೆರೆದು ಅವನು ಕೂಗಿದರೆ ಸಾಕು, ಟಿವಿ ಆರಿಸಿ ಅಡುಗೆಗೆ ಏಳುತ್ತಿದ್ದಳಂತೆ. ಹಳೆಯ ವಿಡಿಯೊ ಕ್ಯಾಸೆಟ್ ಇದೆಯಲ್ಲ, ಅದನ್ನು ಹಾಕಿಕೊಳ್ಳಿ ಎಂದೆ.

"ನಾನೇ ಹಾಕ್ಕೊಂಡು ನೋಡೋದೇ ಬೇರೆ, ಅವನೇ ಹೊತ್ತಿಗೆ ಸರಿಯಾಗಿ ಬರೋದೇ ಬೇರೆ. ನಿನಗೆ ಅರ್ಥ ಆಗಲ್ಲ ಬಿಡು" ಅಂದಳು. ಹಿಂದಿನ ಸಂಜೆಯೂ ಅವನು ಬರಲಿಲ್ಲವಾದ್ದರಿಂದ ಬೆಳಿಗ್ಗೆಯೇ ಕಂಪನಿಗೆ ಫೋನು ಮಾಡಿದ್ದಳಂತೆ. ಯಾರೋ ಒಬ್ಬ ಬಹಳ ಮರ್ಯಾದೆಯಿಂದ ಮಾತಾಡಿ, ಆ ಲೋಗೊ ಈಗ ನಿಮ್ಮದಲ್ಲ ಎಂದನಂತೆ. "ಲೋಗೊ ನಿಮ್ಮದೇ ಆಗ್ಲಪ್ಪ, ಒಳಗಿರೋ ಹುಡುಗ ನನ್ನವನು ಅಂದೆ. ಅವನು ಬರ್ಕೊಂಡ. ಏನು ಬರ್ಕೊಂಡನೋ."

ಆಮೇಲೆ ಕೇಳಿದಳು: "ನೀನು ಒಂದು ಚೂರು ಟೇಪನ್ನೂ ಎಸೆಯೋನಲ್ಲ. ಅವತ್ತು ಮಾಡಿದ ಮೂಲ ಟೇಪು ನಿನ್ನ ಹತ್ರ ಇರ್ಲೇಬೇಕು. ಸಂಗೀತ ಬೇಡ, ಬಾಗಿಲು ಬೇಡ. ಬರೀ ಅವನ ದನಿ. ಹುಡುಕ್ಕೊಡ್ತೀಯಾ?"

ಹುಡುಕುವುದೇನೂ ಇರಲಿಲ್ಲ ಕೋರಿ. ಗ್ಯಾರೇಜಿನಲ್ಲಿ ಆ ಡಬ್ಬಿ ಎಲ್ಲಿದೆಯೆಂದು ನನಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು. ಆದರೆ ಅದನ್ನು ಕೆಳಗಿಳಿಸಲು ಮೂರು ವಾರ ಬೇಕಾಯಿತು. ಯಾಕೆಂದರೆ ಲೋಗೊದಲ್ಲಿ ಕೂಗಿದ್ದು ಟೋಬಿ ಅಲ್ಲ.

1982ರ ಸೆಪ್ಟೆಂಬರ್ ಅದು. ಮೊದಲ ಕಂತು ಮರುದಿನ ಬೆಳಿಗ್ಗೆ ಚಾನೆಲ್‌ಗೆ ತಲುಪಬೇಕಿತ್ತು. ಇರ್ಮಾ ಚಿತ್ರೀಕರಣ ಬಿಟ್ಟು ಅಲುಗಾಡುವ ಹಾಗಿರಲಿಲ್ಲ. ಒಂಬತ್ತು ವರ್ಷದ ಟೋಬಿಯನ್ನು ನನ್ನ ಕೈಗೆ ಒಪ್ಪಿಸಿ, "ಎರಡೇ ಮಾತು, ಹತ್ತು ನಿಮಿಷದ ಕೆಲಸ" ಎಂದು ಹೋದಳು. ಹುಡುಗನನ್ನು ಮೈಕಿನ ಮುಂದೆ ನಿಲ್ಲಿಸಿದೆ. ಮೊದಮೊದಲು ಆಟವಾಡಿದ. ಉಸಿರೂ ರೆಕಾರ್ಡ್ ಆಗುತ್ತಾ ಎಂದು ಕೇಳಿ ಮೈಕಿಗೆ ಊದಿದ. ಆಮೇಲೆ ಹೇಳಿದ, ಆದರೆ ಪಾಠ ಒಪ್ಪಿಸುವವನ ಹಾಗೆ. ಎಂಟು ಸಲ ಹಾಗೇ ಆಯಿತು. ನನಗೆ ತಾಳ್ಮೆ ತಪ್ಪಿತು. "ನಿಜವಾಗ್ಲೂ ಮನೆಗೆ ಬಂದಾಗ ಹೇಗೆ ಕೂಗ್ತೀಯೋ ಹಾಗೆ ಕೂಗೋ ಮಾರಾಯ" ಎಂದೆ.

ಅವನು ಮೈಕಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದ. ಆಮೇಲೆ, "ಯಾರಿಗೆ ಅಂತ ಕೂಗ್ಲಿ? ನಾನು ಹೋದಾಗ ಅಮ್ಮ ಮನೇಲಿ ಇರಲ್ಲ. ಬೀಗ ತೆಕ್ಕೊಂಡು ಒಳಗೆ ಹೋಗ್ತೀನಿ, ಟಿವಿ ಹಾಕ್ಕೋತೀನಿ" ಅಂದ. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡಲಾದರೂ ಬರುತ್ತಿತ್ತು. ಯಂತ್ರ ತಿರುಗುತ್ತಲೇ ಇತ್ತು.

ಆ ಟೇಪನ್ನು ಇರ್ಮಾಗೆ ಕೇಳಿಸಲು ನನಗೆ ಧೈರ್ಯವಾಗಲಿಲ್ಲ. ಬೇರೊಂದು ಮಗುವಿನ ದನಿಯನ್ನು ಮುದ್ರಿಸಿಕೊಂಡು, ಟೇಪಿನ ವೇಗವನ್ನು ಒಂದು ಕೂದಲೆಳೆ ಇಳಿಸಿ ಹುಡುಗನ ಗಂಟಲಿಗೆ ಹೊಂದಿಸಿ ಕೊಟ್ಟೆ. ಟೋಬಿಯದೇ, ಏಳನೇ ಸಲ ಸರಿಯಾಗಿ ಬಂತು ಎಂದು ಸುಳ್ಳು ಹೇಳಿದೆ. ಇರ್ಮಾ ಕೇಳಿ ನಕ್ಕಳು. "ಇವನಿಗೆ ನನ್ನ ಕಂಡ್ರೆ ಇಷ್ಟೊಂದು ಖುಷೀನಾ! ಮನೇಲಿ ತೋರಿಸ್ಕೊಳ್ಳೋದೇ ಇಲ್ಲ ಕಳ್ಳ."

ಮೊದಲ ಕಂತನ್ನು ಕಚೇರಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ನೋಡಿದೆವು. ಲೋಗೊ ಬಂದಾಗ ಚಪ್ಪಾಳೆ ಬಿತ್ತು. ಇರ್ಮಾ ಟೋಬಿಯನ್ನು ತಬ್ಬಿಕೊಂಡಳು. ಆಮೇಲೆ ಹುಡುಗ ನೀರು ಕುಡಿಯುವ ಮೂಲೆಯಲ್ಲಿ ನನ್ನ ಬಳಿ ಬಂದು, "ಅದು ನಾನಲ್ಲ ಅಲ್ವಾ?" ಎಂದ. ನಾನು ಹೌದೆಂದು ತಲೆಯಾಡಿಸಿದೆ. "ಪರವಾಗಿಲ್ಲ. ಅಮ್ಮಂಗೆ ಹೇಳ್ಬೇಡಿ. ಅವಳಿಗೆ ತುಂಬ ಇಷ್ಟ ಆಗಿದೆ."

ಅವನು ಬದುಕಿರುವವರೆಗೂ ನಾವಿಬ್ಬರೂ ಆ ಗುಟ್ಟನ್ನು ಕಾಯ್ದೆವು. ಅವನು ಹೋದ ದಿನ ಇರ್ಮಾ ನನ್ನ ಕೈ ಹಿಡಿದುಕೊಂಡು, "ನೀನು ಅವನ ದನಿ ಉಳಿಸಿಕೊಟ್ಟೆ ಎಮೆಟ್, ನಿನ್ನ ಋಣ ತೀರಿಸೋಕೆ ಆಗಲ್ಲ" ಅಂದಳು. ಆಗ ಬಾಯಿ ಬಿಡಲು ನನ್ನಿಂದಾಗಲಿಲ್ಲ. ಅವತ್ತು ಆಗದ್ದು ಮರುದಿನವೂ ಆಗಲಿಲ್ಲ, ಮರುವರ್ಷವೂ ಆಗಲಿಲ್ಲ.

ಫೆಬ್ರವರಿ ಎರಡನೇ ವಾರ ಹಳೆಯ ಟೇಪ್ ಯಂತ್ರವನ್ನು ಕಾರಿಗೆ ಹಾಕಿಕೊಂಡು ಶರ್ಮನ್ ಓಕ್ಸ್‌ನ ಅವಳ ಮನೆಗೆ ಹೋದೆ. ಡಬ್ಬಿಯಲ್ಲಿ ಎರಡು ಸುರುಳಿ ಇದ್ದವು: ಟೋಬಿಯದೊಂದು, ಆ ಇನ್ನೊಂದು ಮಗುವಿನದೊಂದು. ದಾರಿಯುದ್ದಕ್ಕೂ ಎರಡನೆಯದನ್ನೇ ಕೊಟ್ಟು ಬಂದುಬಿಡೋಣವೆಂದು ಮನಸ್ಸು ಹೇಳುತ್ತಿತ್ತು. ಎಪ್ಪತ್ತನಾಲ್ಕು ವರ್ಷದ ಹೆಂಗಸು, ಇನ್ನೆಷ್ಟು ದಿನ, ಅವಳ ಸಂತೋಷ ಅವಳಿಗಿರಲಿ ಎಂದು. ಆದರೆ ಅವಳು ಬಾಗಿಲು ತೆರೆದು, ಡಬ್ಬಿಯ ಮೇಲೆ ನನ್ನ ಅಕ್ಷರದಲ್ಲಿದ್ದ ಮಗನ ಹೆಸರನ್ನು ಓದಿ, ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಆ ಕೈಗಳಿಗೆ ಇನ್ನೊಂದು ಸಲ ಮೋಸ ಮಾಡಲಾಗಲಿಲ್ಲ.

ನಿಂತೇ ಹೇಳಿದೆ. ಎಲ್ಲವನ್ನೂ ಹೇಳಿದೆ, ಟೋಬಿ ಮೈಕಿನ ಮುಂದೆ ಆಡಿದ ಮಾತನ್ನೂ.

ಅವಳು ಕೂಗಾಡಲಿಲ್ಲ. "ಹಾಕು" ಅಂದಳು.

ಹಾಕಿದೆ. ಹುಡುಗ ಮೈಕಿಗೆ ಊದಿದಾಗ ಅವಳಿಗೆ ನಗು ಬಂತು, ತಡೆದುಕೊಳ್ಳಲಾಗಲಿಲ್ಲ. "ಇದು ಅವನೇ. ಇದು ನನ್ನ ಕೋತಿ" ಅಂದಳು. ಆಮೇಲೆ ಒಂಬತ್ತನೆಯ ಸಲದ್ದು, ಅವನು 'ಯಾರಿಗೆ ಅಂತ ಕೂಗ್ಲಿ' ಎಂದು ಕೇಳಿದ್ದು, ಬಂತು. ಅದು ಮುಗಿದ ಮೇಲೆ ಅವಳೇ ಕೈಚಾಚಿ ಯಂತ್ರ ಆರಿಸಿದಳು. ನನಗಾಗಿ ಮಾಡಿಟ್ಟಿದ್ದ ಟ್ಯೂನಾ ಸ್ಯಾಂಡ್‌ವಿಚ್ಚು ಮೇಜಿನ ಮೇಲೆ ಹಾಗೇ ಇತ್ತು.

"ದಿನಾ ಸಂಜೆ 'ಬಂದ್ಯಾ ಕಂದಾ' ಅಂತ ಉತ್ತರ ಕೊಡ್ತಿದ್ದೆ" ಅಂದಳು. "ಯಾರದೋ ಮಗೂಗೆ."

"ಇರ್ಮಾ, ನಾನು..."

"ನೀನು ಎದ್ದು ಹೋಗು. ಯಂತ್ರ ಇಲ್ಲೇ ಇರ್ಲಿ."

ಹನ್ನೊಂದು ದಿನ ಫೋನು ಬರಲಿಲ್ಲ. ಹನ್ನೆರಡನೆಯ ದಿನ ಬಂತು. ಯಂತ್ರದ ಬೆಲ್ಟು ಜಾರುತ್ತಿದೆ, ಬಂದು ಸರಿಮಾಡು ಅಂದಳು, ಕೊಳಾಯಿ ರಿಪೇರಿಯವನನ್ನು ಕರೆದ ಹಾಗೆ. ಹೋಗಿ ನೋಡಿದರೆ, ಅವಳ ಮನೆಗೆ ಒಯ್ಯುವ ಮುನ್ನ ನಾನು ಹಾಕಿದ್ದ ಹೊಸ ಬೆಲ್ಟು ಸವೆದು ನೂಲೆದ್ದಿತ್ತು. ಎಷ್ಟು ಸಲ ಕೇಳಿದ್ದಳೋ.

ನಾನು ಬೆಲ್ಟು ಬದಲಾಯಿಸುತ್ತಿರುವಾಗ ಬೆನ್ನ ಹಿಂದಿನಿಂದ ಹೇಳಿದಳು: "ಅವನು ಹೇಳಿದ್ದು ನಿಜ. ನಾನು ಮನೇಲಿ ಇರ್ತಿರ್ಲಿಲ್ಲ. ನನಗೆ ಅದು ಗೊತ್ತಿತ್ತು. ಅವನಿಗೆ ಬೇಜಾರಿಲ್ಲ ಅಂತ ಅಂದ್ಕೊಂಡಿದ್ದೆ ಅಷ್ಟೆ, ನಿನ್ನ ಆ ಲೋಗೊ ಕೇಳ್ಕೊಂಡು." ಸವೆದ ಬೆಲ್ಟನ್ನು ಕೈಗೆತ್ತಿಕೊಂಡು ಮುಂದುವರಿಸಿದಳು. "ನಿನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡ. ಇನ್ನೂ ಇಲ್ಲ. ಆದ್ರೆ ಅವತ್ತೇ ನೀನು ಈ ಟೇಪು ನನಗೆ ಕೊಟ್ಟಿದ್ರೆ, ಇನ್ನೂ ಐದು ವರ್ಷ ಇದ್ವಲ್ಲೋ ನಮ್ಮ ಹತ್ರ. ವಾರಕ್ಕೊಂದಿನ ಆದ್ರೂ ಮನೆಗೆ ಬೇಗ ಹೋಗ್ತಿದ್ದೆ."

ಕೋರಿ, ನಾನು ಒಳ್ಳೆಯದನ್ನೇ ಮಾಡಿದೆನೆಂದು ನಂಬಿ ಬದುಕಿದ್ದೆ. ತಾಯಿಯ ಮನಸ್ಸು ನೋಯದಿರಲಿ ಎಂದು ಮಗನ ಮಾತನ್ನು ಮುಚ್ಚಿಟ್ಟೆ. ಆ ಮಾತು ತಲುಪಬೇಕಾದವಳನ್ನು ತಲುಪುವಾಗ ಅವಳ ಉತ್ತರ ಕೇಳಲು ಹುಡುಗನೇ ಇರಲಿಲ್ಲ. ಕತ್ತರಿಸಿ ಅಂಟಿಸುವುದರಲ್ಲಿ ನನಗೆ ಸರಿಸಮ ಯಾರೂ ಇಲ್ಲವೆಂದು ಈ ಊರಿನಲ್ಲಿ ಹೇಳುತ್ತಿದ್ದರು. ಇರಲಿ.

ನಿನ್ನ ಕೆಲಸ ಹೆಚ್ಚಾಯಿತೆಂದು ಬರೆದಿದ್ದೆ. ನಿನ್ನ ಮೈಮೇಲೆ ನಿಗಾ ಇರಲಿ. ಟೆಸ್ ಶಾಲೆಯಿಂದ ಬಂದು ಏನೇ ಹೇಳಿದರೂ, ಅದೆಂಥ ನಂಬಲಾಗದ ಕಥೆಯಾದರೂ, ಒಂದು ಸಲ ಪೂರ್ತಿ ಕೇಳಿಸಿಕೋ. ನಿಮ್ಮಿಬ್ಬರ ಮನೆ ಬೆಚ್ಚಗಿರಲಿ, ನಿಮ್ಮೂರ ಸರೋವರದ ಆ ಗಾಳಿ ನಿಮ್ಮ ಕಿಟಕಿಯ ಹೊರಗೇ ನಿಲ್ಲಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತೇನೆ.

ಪ್ರೀತಿಯಿಂದ,
ನಿನ್ನ ಅಪ್ಪ
ಎಮೆಟ್

ಮತ್ತೆ ಬರೆದದ್ದು: ಲಕೋಟೆ ಅಂಟಿಸಿ, ಒಡೆದು, ಇದನ್ನು ಸೇರಿಸುತ್ತಿದ್ದೇನೆ. ಬೆಲ್ಟು ಬದಲಾಯಿಸಿದ ದಿನ ನಾನು ಹೊರಡುವಾಗ ಇರ್ಮಾ, "ಆ ಇನ್ನೊಂದು ಮಗು ಯಾರದು?" ಎಂದು ಕೇಳಿದಳು. ಹೇಳಿದೆ. "ಅವಳಿಗೆ ಗೊತ್ತಾ?" ಎಂದಳು. ಇಲ್ಲ ಎಂದೆ. "ಹಾಗಾದ್ರೆ ನನ್ನ ಹತ್ರ ಯಾಕೆ ನಿಂತಿದೀಯ? ಮೊದ್ಲು ಅವಳಿಗೆ ಹೇಳು" ಎಂದು ಬಾಗಿಲು ಹಾಕಿಕೊಂಡಳು.

ಅದು ನೀನು, ಕೋರಿ. ಆಗ ನಿನಗೆ ಏಳು ವರ್ಷ. ನಾನು ಯಂತ್ರವನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ, ಪೇಪರಿನ ಮರೆಯಲ್ಲಿ ಇಟ್ಟಿದ್ದೆ. ನೀನು ಶಾಲೆಯಿಂದ ಬಂದೆ, ಚೀಲ ಎಸೆದೆ, ನಿನ್ನಮ್ಮನನ್ನು ಕೂಗಿದೆ. ಒಂದೇ ಸಲಕ್ಕೆ ಸಿಕ್ಕಿತು.

ನೀನು ನಾಲ್ಕನೇ ತರಗತಿಯಲ್ಲಿದ್ದಾಗ ಟಿವಿಯಲ್ಲಿ ಅದನ್ನು ಕೇಳಿ, "ನನ್ನ ಚೀಲದಲ್ಲಿದ್ದ ತಗಡಿನ ಊಟದ ಡಬ್ಬಿಯ ಸದ್ದು ಅದು, ದನಿಯೂ ನನ್ನದೇ" ಎಂದು ನೀನು ಶಾಲೆಯಲ್ಲಿ ಹೇಳಿದೆ. ಮಕ್ಕಳು ಸುಳ್ಳುಬುರುಕಿ ಎಂದು ಅಟ್ಟಾಡಿಸಿದರು. ಟೀಚರು ಮನೆಗೆ ಚೀಟಿ ಕಳಿಸಿದರು. ಊಟದ ಹೊತ್ತಿಗೆ ನೀನು ನನ್ನ ಮುಖ ನೋಡಿ, "ಹೌದು ಅಲ್ವಾ ಅಪ್ಪ?" ಎಂದು ಕೇಳಿದೆ. ವಿಷಯ ಇರ್ಮಾಳ ಕಿವಿಗೆ ಬಿದ್ದರೆ ಎಂದು ನನಗೆ ಹೆದರಿಕೆ. "ಇಲ್ಲದ್ದೆಲ್ಲ ಹುಟ್ಟಿಸ್ಕೊಂಡು ಹೇಳ್ಬೇಡ" ಎಂದು ಗದರಿದೆ. ನಿನ್ನಮ್ಮ ಎದ್ದು ಒಳಗೆ ಹೋದಳು. ಮೇಜಿನ ಮೇಲೆ ಕಾಗದ ಇಟ್ಟು "ನಾನು ಸುಳ್ಳು ಹೇಳಿದೆ" ಎಂದು ನಿನ್ನ ಕೈಯಲ್ಲೇ ಬರೆಸಿ, ಕೆಳಗೆ ನಾನು ಸಹಿ ಹಾಕಿ ಕಳಿಸಿದೆ. ತರಗತಿಯ ಮುಂದೆ ನಿಂತು ನೀನು ಅದನ್ನು ಓದಿದೆಯಂತೆ. ಆಮೇಲೆ ನೀನು ನನ್ನನ್ನು ಏನನ್ನೂ ಕೇಳಲಿಲ್ಲ. ಈವರೆಗೂ ಕೇಳಿಲ್ಲ.

ಇರ್ಮಾಳ ಮನೆಯಿಂದ ವಾಪಸು ತಂದ ಟೇಪಿನ ಆ ಇನ್ನೊಂದು ಸುರುಳಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ನೀನು ಅದನ್ನು ಕೇಳಬೇಕೆಂದೇನೂ ಇಲ್ಲ. ಆದರೆ ಆ ವಿಷಯದಲ್ಲಿ ನೀನು ಆಡಿದ ಸುಳ್ಳು ಒಂದೇ ಒಂದು, ಅದು ನೀನು ತರಗತಿಯ ಮುಂದೆ ಓದಿದ ಆ ಕಾಗದದಲ್ಲಿದೆ. ಅದನ್ನು ಬರೆಸಿದವನು ನಾನು.