ಇವಳ ಮೂವತ್ತು ವರ್ಷ

ನವೆಂಬರ್ ೧೯, ಮಂಗಳವಾರ

ನನ್ನ ಬಾಯಿಗೆ ಬೀಗ ಹಾಕಬೇಕಿತ್ತು. ಊಟದ ಹೊತ್ತಿಗೆ ನಾನಾಡಿದ ಒಂದೇ ಮಾತಿಗೆ ಹೆಂಡತಿ ತಟ್ಟೆ ಬಿಟ್ಟು ಎದ್ದಳು.

ಮಧ್ಯಾಹ್ನ ಕಾಲೇಜಿನಲ್ಲಿ ಇವಳ ಕೊನೆಯ ಫಿಸಿಕ್ಸ್ ಉಪನ್ಯಾಸವಿತ್ತು. ಮುಂದಿನ ತಿಂಗಳು ನಿವೃತ್ತಿ. ಏಳನೇ ತರಗತಿಗೇ ಶಾಲೆ ಬಿಟ್ಟ ಪಂಪು ರಿಪೇರಿಯವನು ನಾನು, ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳ ನಡುಕದಿಂದಲೇ ವಿಶ್ವವೆಲ್ಲ ಆಗಿದೆ ಅನ್ನುವುದು ಇವಳ ಮೂವತ್ತು ವರ್ಷದ ಲೆಕ್ಕ. ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು, "ಮೇಡಂ, ಇದು ತಪ್ಪಾಗಿದ್ರೆ ಹೇಗೆ ಗೊತ್ತಾಗುತ್ತೆ?" ಅಂದಳು.

ಇವಳು ಚಾಕ್‌ಪೀಸು ಕೆಳಗಿಟ್ಟು, "ನನ್ನ ಕಾಲದಲ್ಲಂತೂ ಗೊತ್ತಾಗಲ್ಲಮ್ಮ. ನಿನ್ನ ಕಾಲದಲ್ಲೂ ಡೌಟೇ," ಅಂದಳು. ಎಲ್ಲರೂ ನಕ್ಕರು, ಇವಳೂ ನಕ್ಕಳು. ಆ ನಗು ನನಗೆ ಗೊತ್ತು. ಮಾವ ತೀರಿಕೊಂಡ ದಿನ ಬಂದವರಿಗೆಲ್ಲ ಕುರ್ಚಿ ಹಾಕುತ್ತಾ ಹಾಗೇ ನಕ್ಕಿದ್ದಳು.

ನಾನು ಕೂರಿಸಿದ ಪಂಪು ಕೆಟ್ಟರೆ ಸಂಜೆಯೊಳಗೆ ಬೈಗುಳ ಬರುತ್ತದೆ. ಇವಳಿಗೆ ಆ ಪುಣ್ಯವೂ ಇಲ್ಲ.

ಸಮಾಧಾನ ಮಾಡೋಣವೆಂದೇ ಊಟಕ್ಕೆ ಕೂತಾಗ ಅಂದೆ: "ಹೋಗ್ಲಿ ಬಿಡೇ, ತಪ್ಪಿದ್ರೂ ಯಾರಿಗೆ ಗೊತ್ತಾಗುತ್ತೆ?"

"ಅದೇ ಕಣ್ರೀ. ಸರಿಯಿದ್ರೂ ಯಾರಿಗೂ ಗೊತ್ತಾಗಲ್ಲ. ನನಗೂ."

ಈಗ ಪಕ್ಕದ ಕೋಣೆಯಲ್ಲಿ ಹಳೆಯ ನೋಟ್‌ಬುಕ್ಕುಗಳನ್ನು ಹರಡಿಕೊಂಡು ಕೂತಿದ್ದಾಳೆ. ಎಷ್ಟು ಹೊತ್ತಾದರೂ ಹಾಳೆ ತಿರುಗಿಸಿದ ಸದ್ದಿಲ್ಲ. ಇಷ್ಟು ವರ್ಷವೂ ನಿನ್ನ ಲೆಕ್ಕ ಸರಿಯೆಂದೇ ನಂಬಿದ್ದೆ ಕಣೇ ಎಂದು ಹೋಗಿ ಹೇಳಬಹುದು. ಆದರೆ ಅದರ ಒಂದು ಸಾಲೂ ಅರ್ಥವಾಗದವನ ನಂಬಿಕೆ ಇಟ್ಟುಕೊಂಡು ಇವಳು ಏನು ಮಾಡಬೇಕು?