ಮೋನಪ್ಪನ ವಾರದ ರಜೆ

ಮಂಗಳವಾರ, ೯ ಜೂನ್ ೧೯೫೩. ಗ್ರಾಂಟ್ ರೋಡ್, ಬೊಂಬಾಯಿ.

ನನ್ನ ನಾಲಿಗೆಗೆ ಬರೆ ಹಾಕಬೇಕು. ನನ್ನ ಹೋಟೆಲಿಗೆ ಬಂದ ಸರಕಾರಿ ಇನ್ಸ್‌ಪೆಕ್ಟರ್, ಸಪ್ಲೈಯರ್ ಮೋನಪ್ಪನಿಗೆ ವಾರದ ರಜೆ ಯಾಕಿಲ್ಲ ಎಂದು ಕೇಳಿದ. ಮಾಲೀಕನ ಮನೆಯವರಿಗೆ ರಜೆ ಕೊಡಲೇಬೇಕೆಂಬ ಕಾನೂನು ಇಲ್ಲವೆಂದು ಕೇಳಿದ್ದೆ. "ಇವ ನನ್ನ ಅಕ್ಕನ ಮಗ" ಎಂದುಬಿಟ್ಟೆ. ಮೋನಪ್ಪನೂ ತಲೆಯಾಡಿಸಿದ. ಇನ್ಸ್‌ಪೆಕ್ಟರ್ ಕಾಫಿ ಕುಡಿದು ಹೋದ.

ಅವನು ಮೆಟ್ಟಿಲಿಳಿಯುತ್ತಲೇ ಮೋನಪ್ಪ ಎಲ್ಲರೆದುರು ಹೇಳಿದ: "ನಮ್ಮ ಅಳಿಯಕಟ್ಟಿನಲ್ಲಿ ಆಸ್ತಿ ಹೋಗುವುದು ಮಗನಿಗಲ್ಲ, ಅಕ್ಕನ ಮಗನಿಗಲ್ವಾ, ಮಾವ? ಸ್ವಲ್ಪ ಸರೀರಿ, ಗಲ್ಲಾದಲ್ಲಿ ಕೂತು ಅಭ್ಯಾಸ ಮಾಡ್ತೇನೆ."

ನಕ್ಕರು, ಇಷ್ಟು ವರ್ಷ ನನ್ನ ಅನ್ನ ತಿಂದವರು. ಊರಿನಲ್ಲಿರುವ ಸ್ವಂತ ಅಳಿಯನೂ ಇದುವರೆಗೆ ಆ ಮಾತೆತ್ತಿಲ್ಲ.

ಸಂಜೆಯಿಂದ ಅಡುಗೆಯವನೂ ಮೋನಪ್ಪನನ್ನು ಸಣ್ಣ ಧಣಿ ಎನ್ನುತ್ತಿದ್ದಾನೆ. ಸಾಯಲಿ ಎಂದುಕೊಂಡು, ಮೋನಪ್ಪನಿಗೆ "ಇನ್ನು ವಾರಕ್ಕೊಂದು ರಜೆ ತೆಗೋ ಮಾರಾಯ" ಎಂದೆ.

"ಮನೆಯವರಿಗೆ ರಜೆ ಎಂತಕ್ಕೆ, ಮಾವ?" ಎಂದ.